ಹೊತ್ತೇರರ ಇತಿಹಾಸ ಮತ್ತು ನನ್ನ ಮುಂಜಾನೆಯ ನಡಿಗೆ

ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇಷ್ಟು ಗಟ್ಟಿಯಾಗಿ ನಂಬಿಕೊಂಡವನಿಗೆ ಅದನ್ನು ಮಾಡಿಯೂ ತೋರಿಸು ಎಂದು ಜನ ಯಾಕೆ ಹಟ ಹಿಡಿಯುತ್ತಾರೋ ತಿಳಿಯದು. ದೇವರನ್ನು ನಂಬುತ್ತೇನೆ ಎಂದವನ ಹತ್ತಿರ ಯಾರೂ ಸಾಕ್ಷಿ ಕೇಳುವುದಿಲ್ಲ. ನಡಿಗೆಯ ವಿಷಯದಲ್ಲಿ ಮಾತ್ರ ಬರೀ ಶ್ರದ್ಧೆ ಸಾಲದು, ಕಾಲೂ ಬೇಕಂತೆ. ಟಿಳಕವಾಡಿಯ ನಮ್ಮ ಮನೆಯ ಗೇಟಿನಲ್ಲಿ ನಿಂತರೆ ಕಿರಾಣಿ ಅಂಗಡಿಯ ತಕ್ಕಡಿ ಕಾಣುತ್ತದೆ. ಅಲ್ಲಿಗೆ ಹೋಗುವುದಕ್ಕೂ ನಾನು ಸ್ಕೂಟರ್ ತೆಗೆಯುತ್ತೇನೆ. ಒಂದು ದಿನ ಅಂಗಡಿಯವನು, "ಸರ, ನೀವು ಗಾಡಿ ತಿರುಗಿಸೂದ್ರಾಗ ನಡಕೊಂಡ ಎರಡ ಸಲ ಬಂದ ಹೋಗಬಹುದಿತ್ತ ನೋಡ್ರಿ" ಎಂದ. ನಾನು ಸಕ್ಕರೆಯ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು, ಅವನು ವ್ಯಾಪಾರದ ಕಡೆ ಗಮನ ಕೊಡುವುದು ಒಳ್ಳೆಯದು ಎಂದು ಮನಸ್ಸಿನಲ್ಲೇ ಅಂದುಕೊಂಡು ಹೊರಟುಬಂದೆ.

ಆ ಸಕ್ಕರೆಯೂ ಸೇರಿ, ಒಟ್ಟಿನಲ್ಲಿ ಮೈಯೊಳಗೆ ಏನೇನು ಎಷ್ಟೆಷ್ಟು ಇರಬಾರದೋ ಅವೆಲ್ಲ ಅಷ್ಟಷ್ಟು ಇವೆ ಎಂದು ಡಾಕ್ಟರು ಹೇಳಿದರು. ಔಷಧಿ ಕೊಡಿ ಎಂದೆ. ಔಷಧಿ ಆಮೇಲೆ, ಮೊದಲು ದಿನಾ ಮುಂಜಾನೆ ನಡೆಯಿರಿ ಎಂದರು. ಅವರು ಇದನ್ನು ನನಗೊಬ್ಬನಿಗೇ ಗುಟ್ಟಾಗಿ ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಬಾಜೂ ಕುರ್ಚಿಯಲ್ಲಿ ನನ್ನ ಹೆಂಡತಿ ಕಸ್ತೂರಿ ಕೂತಿದ್ದಳು. ಕಸ್ತೂರಿ ಜಗಳವಾಡುವ ಹೆಂಗಸಲ್ಲ. ಜಗಳವಾಡುವವರ ಜೊತೆ ಬಾಳುವೆ ಸುಲಭ, ಕೂಗಾಡಿ ಮರೆತುಬಿಡುತ್ತಾರೆ. ಇವಳು ಕೂಗಾಡುವುದಿಲ್ಲ, ಮರೆಯುವುದೂ ಇಲ್ಲ. ಮರುದಿನ ಚಹಾದ ಕಪ್ಪಿನ ಪಕ್ಕದಲ್ಲಿ ಹೊಸ ಬೂಟುಗಳ ಡಬ್ಬಿ ಇತ್ತು.

"ನಾ ಜೋಡಿ ಬರಾಕ ಆಗೂದಿಲ್ರಿ, ರೊಟ್ಟಿ ಬಡೀಬೇಕು," ಎಂದಳು. "ಆದ್ರ ನೀವು ನಡಕೊಂತ ಫೋನಿನ್ಯಾಗ ಏನರೆ ಮಾತಾಡಿ ಕಳಸ್ರಿ. ಮಾತೇನರೆ ಇರಲಿ, ಉಸಿರ ಕೇಳಿಸಿದ್ರ ಸಾಕ."

ಮೊದಲ ದಿನ ನಾನು ಪ್ರಾಮಾಣಿಕವಾಗಿಯೇ ನಡೆದೆ. ಮೈದಾನದ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಮರದ ಕೆಳಗೊಂದು ಕಲ್ಲುಬೆಂಚು ಕಾಣಿಸಿತು. ಅದರ ಮೇಲೆ ಯಾರೂ ಇರಲಿಲ್ಲ. ಅಷ್ಟು ಒಳ್ಳೆಯ ಬೆಂಚು, ಸರಕಾರದ ದುಡ್ಡಿನಲ್ಲಿ ಹಾಕಿಸಿದ್ದು, ಹಾಗೆ ವ್ಯರ್ಥವಾಗಿ ಬಿದ್ದಿರುವುದು ನನ್ನಿಂದ ನೋಡಲಾಗಲಿಲ್ಲ. ಕೂತೆ. ಕೂತ ಮೇಲೆ ಫೋನಿನ ನೆನಪಾಯಿತು. ಏದುಸಿರು ಬಿಡುವುದೇನೂ ಕಷ್ಟವಲ್ಲ, ಎಲ್ಲಿ ಕೂತೂ ಬಿಡಬಹುದು. ಆದರೆ ಬರೀ ಉಸಿರು ಕಳಿಸಿದರೆ ಯಾರಿಗಾದರೂ ಗಾಬರಿಯಾಗುತ್ತದೆ, ನಡುನಡುವೆ ಮಾತೂ ಇರಬೇಕು. ಏನು ಮಾತಾಡುವುದು? ಎದುರಿಗೆ ಜನ ಸುತ್ತು ಹಾಕುತ್ತಿದ್ದರು. ಹೋದವರೇ ಮತ್ತೆ ಬರುತ್ತಿದ್ದರು, ಎಲ್ಲಿಗೂ ತಲುಪುತ್ತಿರಲಿಲ್ಲ. ಅವರನ್ನು ನೋಡುತ್ತ ನೋಡುತ್ತ ನನಗೊಂದು ಜನಾಂಗ ಹೊಳೆಯಿತು.

ಅವರಿಗೆ ಹೊತ್ತೇರರು ಎಂದು ಹೆಸರಿಟ್ಟೆ. ಹೊತ್ತು ಏರಿದ ಮೇಲೆ ಒಂದೇ ಜಾಗದಲ್ಲಿ ನಿಲ್ಲದವರು. ಅವರ ಲೋಕ ನಮ್ಮದಲ್ಲ. ಅಲ್ಲಿ ಎರಡು ಚಂದ್ರರಿದ್ದಾರೆ, ಒಂದು ಬೆಳ್ಳಗೆ ದೊಡ್ಡದು, ಇನ್ನೊಂದು ತಾಮ್ರದ ಬಣ್ಣದ ಚಿಕ್ಕದು. ಅಲ್ಲಿಯ ನೆಲವೆಂದರೆ ನೆಲವಲ್ಲ, ಮಲಗಿರುವ ಒಂದು ಮಹಾ ಪ್ರಾಣಿಯ ಬೆನ್ನು. ಯಾರಾದರೂ ಒಂದೇ ಕಡೆ ಬಹಳ ಹೊತ್ತು ಕೂತರೆ ಅದಕ್ಕೆ ತುರಿಕೆಯಾಗುತ್ತದೆ, ಮಗ್ಗುಲು ಬದಲಿಸಿಬಿಡುತ್ತದೆ, ಕೂತವರು ಮನೆಮಠ ಸಮೇತ ಕೆಳಗೆ. ಆದ್ದರಿಂದ ಹೊತ್ತೇರರು ಕುರಿಗಳನ್ನು ಹೊಡೆದುಕೊಂಡು ನಡೆಯುತ್ತಲೇ ಇರುತ್ತಾರೆ. ಅವರ ಭಾಷೆಯಲ್ಲಿ ಮನೆ ಎಂಬುದಕ್ಕೆ ಶಬ್ದವಿಲ್ಲ, ಕಾಲುನೋವಿಗೆ ಮಾತ್ರ ಮುಂಜಾನೆಯದಕ್ಕೊಂದು, ಸಂಜೆಯದಕ್ಕೊಂದು, ಹೊಸ ಚಪ್ಪಲಿಯದಕ್ಕೊಂದು ಎಂದು ಬೇರೆ ಬೇರೆ ಶಬ್ದಗಳಿವೆ. ಇಷ್ಟನ್ನು ನಾನು ಬೆಂಚಿಗೆ ಒರಗಿ, ವಾಕ್ಯಕ್ಕೊಂದು ಸಲ "ಹುಫ್" ಎನ್ನುತ್ತ ಹೇಳಿ ಕಳಿಸಿದೆ. ಇದು ಕಟ್ಟಿದ ಕಥೆ, ಇಂಥ ಲೋಕ ಎಲ್ಲೂ ಇಲ್ಲ ಎಂದು ಆ ಮೊದಲ ದಿನ ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿದ್ದೆ. ಕಸ್ತೂರಿಗೆ ಮಾತ್ರ ಕಳಿಸಬೇಕಾಗಿದ್ದ ಅದು ನನ್ನ ಕೈತಪ್ಪಿನಿಂದ ಬಳಗದ ಗ್ರೂಪಿಗೆ ಹೋಯಿತು. ಹೋದದ್ದು ಹೋಯಿತು, ಸಾಕ್ಷಿಗಳು ಹೆಚ್ಚಿದಷ್ಟೂ ಒಳ್ಳೆಯದೇ ಎಂದುಕೊಂಡು ಮರುದಿನದಿಂದ ಅಲ್ಲಿಗೇ ಕಳಿಸತೊಡಗಿದೆ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು ಎಂಬುದನ್ನು ಇಲ್ಲಿ ಹೇಳಬೇಕು. ನೌಕರಿಗೆ ಸೇರಿದಾಗಿನಿಂದ ನಿಜವಾಗಿ ನಡೆದ ಸಂಗತಿಗಳನ್ನೇ ಹೇಳುತ್ತ ಬಂದಿದ್ದೇನೆ, ಒಬ್ಬರೂ ಕೇಳಿಸಿಕೊಂಡಿಲ್ಲ. ಹಿಂದಿನ ಬೆಂಚಿನವರು ಮಲಗುತ್ತಾರೆ, ಮುಂದಿನ ಬೆಂಚಿನವರು ಕಣ್ಣು ತೆರೆದುಕೊಂಡು ಮಲಗುತ್ತಾರೆ. ಹೀಗಾಗಿ ಹೊತ್ತೇರರ ವಿಷಯದಲ್ಲಿ ನಾನು ನನ್ನ ವಿದ್ಯೆಯನ್ನೆಲ್ಲ ಧಾರಾಳವಾಗಿ ಸುರಿದೆ. ಅವರ ವಲಸೆಗೆ ಕಾರಣಗಳನ್ನು ಸಾಮಾಜಿಕ, ಆರ್ಥಿಕ, ಧಾರ್ಮಿಕ ಎಂದು ವಿಂಗಡಿಸಿ ಕೊಟ್ಟೆ. ಗೋಡೆಯವರು ಎಂಬ ಊರು ಕಟ್ಟಿಕೊಂಡ ಜನರ ಜೊತೆ ಒಂದು ಯುದ್ಧ ಮಾಡಿಸಿದೆ; ಹೊತ್ತೇರರು ಒಂದು ಕಡೆ ನಿಲ್ಲದ ಕಾರಣ ಗೋಡೆಯವರಿಗೆ ಅವರು ಸೋಲಿಸಲು ಸಿಗಲೇ ಇಲ್ಲ. ಕಾಯಿದೆಗಳನ್ನೂ ಮಾಡಿದೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು, ಕೂತವನ ಮಾತು ಪಂಚಾಯ್ತಿಯಲ್ಲಿ ನಡೆಯುವುದಿಲ್ಲ ಎಂಬುದು. ಏನೇ ಸಾಕ್ಷಿ ಹೇಳುವುದಿದ್ದರೂ ನಡೆಯುತ್ತಲೇ ಹೇಳಬೇಕು. ಇದನ್ನು ಹೇಳುವಾಗ ನಾನು ಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಜನಾಂಗ ಎಂದ ಮೇಲೆ ಮೂಲಪುರುಷರು ಬೇಕಲ್ಲ? ಇಬ್ಬರು ಅಣ್ಣತಮ್ಮಂದಿರನ್ನು ಮಾಡಿದೆ. ಮೊದಲ ನಡಿಗೆಗೆ ಹೊರಟಾಗ ಅಣ್ಣನ ಉಡಿಯಲ್ಲಿ ಸಜ್ಜೆ ಇತ್ತು, ತಮ್ಮನ ಉಡಿಯಲ್ಲಿ ನವಣೆ ಇತ್ತು, ಅವರಿಂದ ಬೆಳೆದ ವಂಶಗಳಿಗೆ ಅವೇ ಹೆಸರಾದವು ಎಂದೆ. ಈ ಸಜ್ಜೆ ನವಣೆ ಎಲ್ಲಿಂದ ಬಂದವು ಎಂದು ಆಗ ಯೋಚಿಸಲಿಲ್ಲ. ಬಂದದ್ದು ನನ್ನ ಅಕ್ಕನ ಫೋನಿನಿಂದ. ಗಂಗಕ್ಕನನ್ನು ಖಾನಾಪುರ ತಾಲ್ಲೂಕಿನ ಪಾರಿಶ್ವಾಡಕ್ಕೆ ಕೊಟ್ಟಿದೆ. ಹಿಂದೆ ಕುರಿ ಕಾಯುತ್ತಿದ್ದು ಈಗ ಹೊಲಮನೆ ಮಾಡಿಕೊಂಡಿರುವ ಮನೆತನ. ಅವಳ ಮಗಳು ಸವಿತಾ ಬೆಳಗಾವಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಖಾನಾಪುರದಿಂದ ಬರುವ ಪ್ಯಾಸೆಂಜರ್ ರೈಲಿನಲ್ಲಿ ಅವಳಿಗೊಬ್ಬ ಹುಡುಗನ ಪರಿಚಯವಾಗಿ, ಪರಿಚಯ ಬೆಳೆದು, ಸುದೈವದಿಂದ ಅವನು ನಮ್ಮವನೇ ಆಗಿದ್ದು, ಎರಡೂ ಮನೆಯವರು ಹೂಂ ಅಂದು, ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವ ಸಾಕರಪುಡಾದ ದಿನವೂ ಗೊತ್ತಾಗಿತ್ತು. ಆ ವಾರವೆಲ್ಲ ಅಕ್ಕನದು ಒಂದೇ ಮಾತು: "ನಮ್ಮದು ಸಜ್ಜಿ ಬೆಡಗು, ಅವರದು ನವಣಿ ಬೆಡಗು, ಚಲೋ ಕೂಡಿ ಬಂದೈತಿ ತಮ್ಮಾ." ಬೆಡಗು ಎಂದರೆ ನಮ್ಮ ಕಡೆ ವಂಶದ ಕವಲು. ಬೇರೆ ಬೇರೆ ಬೆಡಗಿನವರು ಬೀಗರಾಗಬಹುದು. ಅಣ್ಣತಮ್ಮರ ಬೆಡಗಾಗಿದ್ದರೆ ಹುಡುಗ ಹುಡುಗಿ ಅಣ್ಣ ತಂಗಿಯಾಗುತ್ತಾರೆ, ಲಗ್ನದ ಮಾತೇ ಇಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಲ್ಲದ ಲೋಕದಲ್ಲಿ ಇಲ್ಲದ ಜನರಿಗೆ ನಾನಿಟ್ಟ ಹೆಸರು ಪಾರಿಶ್ವಾಡದ ಮನೆಯ ಅಟ್ಟಕ್ಕೆ ಬೆಂಕಿ ಹಚ್ಚುತ್ತದೆ ಎಂದು ಯಾರಿಗೆ ಹೊಳೆದೀತು?

ಗ್ರೂಪಿನಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. ಕೆಲವರು ಕೈಮುಗಿದ ಚಿತ್ರ ಹಾಕುತ್ತಿದ್ದರು. ಹುಟ್ಟುಹಬ್ಬಕ್ಕೂ ಸತ್ತ ಸುದ್ದಿಗೂ ಅವರು ಅದನ್ನೇ ಹಾಕುವುದರಿಂದ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಲೇಜಿನಲ್ಲಾದಂತೆ ಇಲ್ಲಿಯೂ ಎಲ್ಲರೂ ಮಲಗಿದ್ದಾರೆ ಎಂದು ನೆಮ್ಮದಿಯಾಗಿದ್ದೆ. ಒಂದು ಸಂಜೆ ಗಂಗಕ್ಕನ ಫೋನು ಬಂತು. ಹಲೋ ಅನ್ನುವ ಮೊದಲೇ ಅಳು.

"ತಮ್ಮಾ, ಅಜ್ಜ ಸಂಬಂಧ ಬ್ಯಾಡ ಅನ್ನಾಕತ್ತಾನೋ. ಸಜ್ಜಿಯವರು, ನವಣಿಯವರು ಅಣ್ಣತಮ್ಮರಂತ. ನೀನ ನುಡಿದೀಯಂತ."

ಅಜ್ಜ ಎಂದರೆ ಯಲ್ಲಪ್ಪಜ್ಜ, ನನ್ನ ಭಾವನ ಚಿಕ್ಕಪ್ಪ, ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯ. ಎಳೆಯ ವಯಸ್ಸಿನಲ್ಲಿ ಕುರಿಗಳ ಹಿಂದೆ ತಿರುಗಿದವನು, ಈಗ ಪಡಸಾಲೆಯ ಕಂಬಕ್ಕೆ ಒರಗಿ ಸುತ್ತಲಿನ ಊರುಗಳ ಬೆಡಗುಗಳನ್ನೆಲ್ಲ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದಾನೆ. ಅವನು ಹೂಂ ಅನ್ನದೆ ಅಲ್ಲಿ ಹಂದರಕ್ಕೆ ಕಂಬ ನೆಡುವುದಿಲ್ಲ. ಗಂಗಕ್ಕ ದಿನಾ ಮುಂಜಾನೆ ರೊಟ್ಟಿ ಬಡಿಯುತ್ತ ನನ್ನ ಧ್ವನಿಯನ್ನು ಜೋರಾಗಿ ಹಚ್ಚಿಡುತ್ತಿದ್ದಳಂತೆ, ಪಡಸಾಲೆಯಿಂದ ಅಜ್ಜ ಕೇಳುತ್ತಿದ್ದನಂತೆ. ಇದು ಕಟ್ಟಿದ ಕಥೆ ಎಂದು ನಾನು ಹೇಳಿದ ಆ ಮೊದಲ ದಿನ ಮಾತ್ರ ಅಕ್ಕ ರೊಟ್ಟಿ ಬಡಿದಿರಲಿಲ್ಲ, ಹಿಂದಿನ ದಿನದ್ದು ಉಳಿದಿದ್ದವು.

ಮುಂದಿನ ರವಿವಾರ ನಾನೂ ಕಸ್ತೂರಿಯೂ ಪಾರಿಶ್ವಾಡಕ್ಕೆ ಹೋದೆವು. ಐದು ನಿಮಿಷದ ಕೆಲಸ, ಅಜ್ಜನಿಗೆ ಹೇಳಿದರೆ ನಕ್ಕುಬಿಡುತ್ತಾನೆ ಎಂದು ನನ್ನ ಅಂದಾಜು. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಕಸ್ತೂರಿ ಅಕ್ಕನ ಜೊತೆ ಹೊಸ್ತಿಲ ಹತ್ತಿರ ಕೂತು ಶೇಂಗಾ ಸುಲಿಯತೊಡಗಿದಳು. ನನ್ನನ್ನು ಕಂಡದ್ದೇ ಅಜ್ಜ ಎದ್ದು ಕೈಮುಗಿದ. ಅಷ್ಟು ವಯಸ್ಸಾದವನು ಕೈಮುಗಿದಾಗಲೇ ಇದು ಐದು ನಿಮಿಷದಲ್ಲಿ ಮುಗಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

"ಅಜ್ಜಾ, ಅದು ಖರೇ ಇತಿಹಾಸ ಅಲ್ಲರಿ. ನಾನ ಕಟ್ಟಿದ ಕಥಿ," ಎಂದೆ.

"ನೀ ಕಟ್ಟಿದ್ದಾದ್ರ ನಮ್ಮ ಸಜ್ಜಿ, ಅವರ ನವಣಿ ಹೆಂಗ ಬಂದ್ವು?"

"ಅಕ್ಕ ಫೋನಿನ್ಯಾಗ ದಿನಾ ಹೇಳತಿದ್ಲು. ನಾಲಿಗಿ ಮ್ಯಾಲ ಇದ್ದುವು, ಬಂದ್ವು."

"ಅದನ್ನ ನಾ ಹೇಳೂದು," ಎಂದ ಅಜ್ಜ. "ನಾಲಿಗಿ ಮ್ಯಾಲ ತಂದ ಇಟ್ಟಾವರ ಯಾರು?"

"ಅಜ್ಜಾ, ಅದರಾಗ ಎರಡ ಚಂದ್ರ ಅದಾವರಿ! ಎಲ್ಲೆರೆ ಇರತಾವೇನು?"

"ಈಗಿಲ್ಲ," ಎಂದು ಅಜ್ಜ ಶಾಂತನಾಗಿ ಒಪ್ಪಿಕೊಂಡ. "ನಾ ಸಣ್ಣಾವ ಇದ್ದಾಗ ಈ ಹಳ್ಳದಾಗ ವರ್ಷಾ ಪೂರ್ತಿ ನೀರಿತ್ತು. ಈಗೈತೇನು? ಹಂಗ, ಅದೂ ಹೋಗಿರತೈತಿ. ನೆಲ ಮಗ್ಗಲಾ ಹೊಳ್ಳಸೂದು ನಮ್ಮ ಮುತ್ಯಾನೂ ಹೇಳತಿದ್ದ."

ನಾನು ಇತಿಹಾಸದವನು, ಆಕರ ಎಂದರೇನು, ದಂತಕಥೆ ಎಂದರೇನು ಎಂದು ಸ್ವಲ್ಪ ಹೊತ್ತು ವಿವರಿಸಿದೆ. ಅಜ್ಜ ನಮ್ಮ ಹುಡುಗರ ಹಾಗೆ ಮಲಗಲಿಲ್ಲ, ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ ಮುಂದೆ ಬಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಗುಟ್ಟು ಹೇಳಿದ: "ಮಾಸ್ತರ, ನಾ ಮಾತಿಗೆ ನಂಬಿಲ್ಲ. ಮಾತ ಯಾರರೆ ಆಡತಾರ. ನಾ ನಂಬಿದ್ದ ಉಸಿರಿಗೆ. ಪೂಜಾರಿ ಮೈಮ್ಯಾಲ ದೇವರ ಬಂದಾಗ ಹಿಂಗ ಉಸಿರ ಬಿಡತಾನ, ಹುಫ್, ಹುಫ್ ಅಂತ. ನುಡಿ ಆಗೂಮುಂದ ಹಂಗ ಆಗತೈತಿ. ನಿನ್ನ ಉಸಿರ ಕೇಳಿ ನನ್ನ ಮೈಯಾಗ ಮುಳ್ಳ ಎದ್ದುವು."

ಆಗ ನನಗೆ ನನ್ನ ಪರಿಸ್ಥಿತಿ ಪೂರ್ತಿ ಅರ್ಥವಾಯಿತು. ಆ ಉಸಿರು ದೇವರದಲ್ಲ ಎಂದರೆ ನಡಿಗೆಯದು ಎನ್ನಬೇಕು. ನಡಿಗೆಯದಾದರೆ ಅಜ್ಜ ಇನ್ನಷ್ಟು ನಂಬುತ್ತಾನೆ, ಹೊತ್ತೇರರು ನಡೆಯುತ್ತಲೇ ಸಾಕ್ಷಿ ಹೇಳುವವರು. ಉಸಿರು ಸುಳ್ಳು ಎಂದರೆ ಮಾತ್ರ ಕಟ್ಟಡ ಪೂರ್ತಿ ಬೀಳುತ್ತದೆ, ಆದರೆ ಹೊಸ್ತಿಲ ಹತ್ತಿರ ಕಸ್ತೂರಿ ಕೂತಿದ್ದಾಳೆ. ಅತ್ತ ಅಡುಗೆಮನೆಯ ಬಾಗಿಲಲ್ಲಿ ಸವಿತಾ ನಿಂತಿದ್ದಳು. ಅವಳ ಕಣ್ಣು ಊದಿಕೊಂಡಿದ್ದವು. ಆ ಹುಡುಗಿ ನನ್ನ ಹೆಗಲ ಮೇಲೆ ಕೂತು ಬೆಳೆದವಳು. ಕಲಿಯಲು ಬೆಳಗಾವಿಗೆ ಬಂದಾಗ ನಮ್ಮ ಮನೆಯಲ್ಲೇ ಇದ್ದು, ನಾನು ಸ್ಕೂಟರಿನಲ್ಲಿ ಕಿರಾಣಿ ಅಂಗಡಿಗೆ ಹೋಗುವಾಗ ನಡೆದುಕೊಂಡು ನನಗಿಂತ ಮೊದಲು ತಲುಪಿ ನಗುತ್ತಿದ್ದವಳು.

"ಅಜ್ಜಾ," ಎಂದೆ, "ಆ ಉಸಿರು ಸುಳ್ಳರಿ. ನಾ ನಡದಿಲ್ಲ. ಮೈದಾನದಾಗ ಬೆಂಚಿನ ಮ್ಯಾಲ ಕುಂತ ಹೇಳಿದ್ದು. ದಿನಾ."

ಶೇಂಗಾ ಸುಲಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ನಾನು ಆ ಕಡೆ ನೋಡಲಿಲ್ಲ.

ಅಜ್ಜ ನನ್ನನ್ನು ನೋಡಿ, ಪಾಪ ಎನ್ನುವ ಹಾಗೆ ನಕ್ಕ. "ಮೈಮ್ಯಾಲ ಬಂದಾವರಿಗೆ ಹಿಂದಿಂದ ಏನೂ ನೆನಪ ಇರೂದಿಲ್ಲ. ಮತ್ತ, ಕುಂತಿದ್ದೆ ಅಂತೀಯಲ್ಲ? ಕುಂತಾವನ ಮಾತ ಪಂಚಾಯ್ತಿಗೆ ನಡಿಯೂದಿಲ್ಲ. ಇದನ್ನೂ ನೀನ ನುಡದೀ. ಈಗೂ ಕುಂತ ಹೇಳಾಕತ್ತೀ."

ನಾನು ನೋಡಿಕೊಂಡೆ. ನಿಜ, ಕಂಬಳಿಯ ಮೇಲೆ ಕೂತಿದ್ದೆ. ಜಗತ್ತಿನಲ್ಲಿ ಯಾವ ಶಾಸನಕಾರನೂ ತನ್ನ ಕಾಯಿದೆಗೆ ಇಷ್ಟು ಬೇಗ ಸಿಕ್ಕಿಬಿದ್ದಿರಲಿಕ್ಕಿಲ್ಲ. ಸುಳ್ಳನ್ನು ನಂಬಿಸಲು ಒಂದಿಷ್ಟೂ ಶ್ರಮ ಬೀಳದ ನನಗೆ, ಹೆಂಡತಿಯ ಎದುರಿಗೆ ಮಾನ ಬಿಟ್ಟು ಹೇಳಿದ ಒಂದೇ ಒಂದು ನಿಜವನ್ನು ನಂಬಿಸಲು ಆಗಲಿಲ್ಲ.

ಹಿತ್ತಲಲ್ಲಿ ಕೈ ತೊಳೆಯಲು ಹೋದಾಗ ಸವಿತಾ ನೀರಿನ ತಂಬಿಗೆ ಹಿಡಿದು ಬಂದಳು. "ಮಾಮಾ, ನೀ ಕಟ್ಟಿದ ಲೋಕದಾಗ ಇಷ್ಟ ಮಂದಿ ಇದ್ದಾರ, ನನಗ ಬೇಕಾದಾವ ಒಬ್ಬನ್ನ ನನ್ನ ಅಣ್ಣನ ಮಾಡಿದೆಲಾ," ಎಂದಳು. ಸಿಟ್ಟಿನಿಂದ ಅಲ್ಲ, ಅದೇ ಕಷ್ಟ. ನಾನು ತಪ್ಪಾಯಿತು ಎಂದೆ. "ತಪ್ಪಾತ ಅಂದ್ರ ಏನ ಬಂತು? ಅಜ್ಜ ನಿನ್ನ ಖರೇ ನಂಬೂದಿಲ್ಲ. ನೀ ಕಟ್ಟಿದ್ದ ಮಾತ್ರ ನಂಬತಾನ. ಹಂಗಾದ್ರ ಇನ್ನಷ್ಟ ಕಟ್ಟು. ನಾ ಅಜ್ಜಗ ಹೇಳತೀನಿ, ನುಡಿ ಅರ್ಧಕ್ಕ ನಿಂತೈತಿ, ಪೂರ್ತಿ ಕೇಳೂಣು ಅಂತ." ನಮ್ಮ ಮನೆತನದಲ್ಲಿ ರಾಜನೀತಿ ಗೊತ್ತಿರುವವಳು ಇವಳೊಬ್ಬಳೇ.

ಬಸ್ಸಿನಲ್ಲಿ ವಾಪಸು ಬರುವಾಗ ಕಸ್ತೂರಿ ಏನಾದರೂ ಅಂದುಬಿಟ್ಟರೆ ಸಾಕು ಎಂದು ಕಾದೆ. ಅವಳು ಸರಿದು ಜಾಗ ಮಾಡಿಕೊಟ್ಟು, "ಕಿಟಕಿ ಬಾಜೂಕ ನೀವ ಕುಂದರ್ರಿ," ಎಂದಳು. "ಕುಂದರೂದು ನಿಮಗ ಚಲೋ ಬರತೈತಿ." ಬೆಳಗಾವಿ ಬರುವವರೆಗೆ ಅಷ್ಟೇ ಮಾತು. ಆ ವಾರ ಬೂಟಿನ ಸುದ್ದಿ ಬರಲಿಲ್ಲ, ನಡಿಗೆಯ ಸುದ್ದಿ ಬರಲಿಲ್ಲ, ರೊಟ್ಟಿಗೆ ಬೆಣ್ಣೆಯೂ ಬಂತು. ನನಗೆ ಆ ಬೆಣ್ಣೆ ನೋಡಿಯೇ ಹೆದರಿಕೆಯಾಯಿತು.

ಮರು ರವಿವಾರ ಪಾರಿಶ್ವಾಡದ ಅಂಗಳದಲ್ಲಿ ಹುಡುಗನ ಕಡೆಯವರೂ ಬಂದು ಕೂತಿದ್ದರು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಕೈಯ ಎಣ್ಣೆಯ ಕಪ್ಪನ್ನು ಎಷ್ಟು ತಿಕ್ಕಿ ತೊಳೆದಿದ್ದನೆಂದರೆ ಉಗುರುಗಳು ಕೆಂಪಗಾಗಿದ್ದವು. ಅವನ ಅಪ್ಪನಿಗೆ ಈ ಇತಿಹಾಸದಲ್ಲಿ ಅಂಥ ಆಸಕ್ತಿ ಇರಲಿಲ್ಲ. "ನಮ್ಮದೇನೂ ಹರಕತ್ತಿಲ್ರಿ," ಎಂದರು. "ನಮ್ಮ ಖಾನಾಪುರದ ಕಡಿ ಅಡವಿ ಭಾಳ. ಅಲ್ಲಿ ಒಂದ ಚಂದ್ರ ಕಾಣೂದ ಕಠಿಣ, ಎರಡನೇದ್ದ ಇತ್ತೋ ಇಲ್ಲೋ ಯಾರ ನೋಡ್ಯಾರ? ಅಜ್ಜಾರು ಹೂಂ ಅಂದ್ರ ಆತು." ಅಜ್ಜ ಯಾರನ್ನೋ ಊದುಬತ್ತಿ ಹಚ್ಚಲು ಹೇಳಿ ನನ್ನ ಕಡೆ ತಿರುಗಿದ. ನಾನು ರೂಢಿಯಂತೆ ಕಟ್ಟೆಯ ಮೇಲೆ ಕೂರಲು ಹೋದೆ. "ಹಾಂ ಹಾಂ, ಕುಂತ ಹೇಳಿದ್ರ ನಡಿಯೂದಿಲ್ಲ. ನಡಕೊಂತ ಹೇಳ್ರಿ," ಎಂದ.

ಹೀಗೆ ನಾನು ಅಂಗಳದ ನಡುವಿನ ತುಳಸಿಕಟ್ಟೆಯ ಸುತ್ತ ನಡೆಯುತ್ತ ಹೊತ್ತೇರರ ಉಳಿದ ಇತಿಹಾಸ ಹೇಳಿದೆ. ಸ್ವಲ್ಪ ಹೊತ್ತಿಗೆ ಉಸಿರು ತಾನಾಗಿಯೇ ಬಂತು, ನಟಿಸುವ ಅಗತ್ಯವೇ ಬೀಳಲಿಲ್ಲ. ದುಃಖದ ಸಂಗತಿಯೆಂದರೆ ನಿಜವಾದ ಏದುಸಿರಿಗೆ ಸುಳ್ಳಿನದಷ್ಟು ಗಾಂಭೀರ್ಯವಿರುವುದಿಲ್ಲ. ಹಿಂದಿನಿಂದ ಯಾರೋ ಹೆಂಗಸು, "ಫೋನಿನ್ಯಾಗ ಜೋರಿತ್ತ, ಇವತ್ತ ಯಾಕೋ ಸಪ್ಪಗೈತಿ" ಎಂದದ್ದು ಕೇಳಿಸಿತು. ಆದರೂ ಬಿಡದೆ ಹೇಳಿದೆ. ಸಜ್ಜೆಯ ಉಡಿಯವನು ಒಬ್ಬನೇ ನಡೆಯುತ್ತಿದ್ದ. ದಾರಿಯಲ್ಲಿ ನವಣೆಯ ಉಡಿಯವನು ಸಿಕ್ಕ. ಎರಡೂ ಚಂದ್ರರು ಒಟ್ಟಿಗೆ ತುಂಬುವವರೆಗೆ ಯಾರು ನಮ್ಮ ಜೊತೆ ಹೆಜ್ಜೆ ಹಾಕುತ್ತಾರೋ ಅವರನ್ನು ತಮ್ಮ ಎಂದು ಕರೆಯುವುದು ಹೊತ್ತೇರರ ರೂಢಿ. ಹಾಗೆ ಕರೆದದ್ದೇ ಹೊರತು ಅವನು ಹೊಟ್ಟೆಯಲ್ಲಿ ಹುಟ್ಟಿದ ತಮ್ಮನಲ್ಲ, ದಾರಿಯ ತಮ್ಮ. ದಾರಿಯ ತಮ್ಮನ ಮನೆಗೆ ಹೆಣ್ಣು ಕೊಡಬಹುದು, ತರಬಹುದು. ಇಷ್ಟು ಹೇಳಿ ನಿಂತು ಬೆವರು ಒರೆಸಿಕೊಂಡೆ. ಸವಿತಾ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಮೆಕ್ಯಾನಿಕ್ ಹುಡುಗ ಉಸಿರೇ ಬಿಡುತ್ತಿರಲಿಲ್ಲ.

ಅಜ್ಜ ಊದುಬತ್ತಿಯ ಬೂದಿ ಉದುರಿಸಿದ. ಆಮೇಲೆ, "ಬರೋಬರಿ ಐತಿ," ಎಂದ. ಎಲ್ಲರ ಮುಖ ಅರಳಿತು. "ಆದ್ರ ಕಟ್ಟಳಿ ಏನು?" ಎಂದ.

"ಎಂಥಾ ಕಟ್ಟಳಿ ಅಜ್ಜಾ?"

"ದೇವರ ಸುಮ್ನ ಬಿಡಗಡಿ ಮಾಡೂದಿಲ್ಲ. ಒಂದ ಕಟ್ಟು ಬಿಚ್ಚಿದ್ರ ಒಂದ ಕಟ್ಟಳಿ ಹಾಕತಾನ. ಕಟ್ಟಳಿ ಇಲ್ಲದ ನುಡಿ ನಾ ಕೇಳೇ ಇಲ್ಲ." ಅವನ ಮುಖದ ಮೇಲೆ ಅನುಮಾನ ಕಾಣಿಸಿತು. ನನ್ನ ತಲೆ ಖಾಲಿಯಾಗಿತ್ತು. ನಾನು ಮೂರು ಜನ್ಮಕ್ಕಾಗುವಷ್ಟು ನಡೆದಿದ್ದೆ. ತುಳಸಿಕಟ್ಟೆ, ಊದುಬತ್ತಿ, ಅಜ್ಜನ ಮೀಸೆ ಎಲ್ಲ ಸುತ್ತುತ್ತಿದ್ದವು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲ ಮುರಿದುಬೀಳುತ್ತದೆ ಎಂದು ನನಗೆ ಗೊತ್ತಿತ್ತು, ಬಾಯಿಗೆ ಮಾತ್ರ ಒಂದು ಶಬ್ದವೂ ಬರಲಿಲ್ಲ.

ಆಗ ಕಸ್ತೂರಿ ಎದ್ದಳು. ಸೆರಗು ತಲೆಯ ಮೇಲೆ ಹೊದ್ದುಕೊಂಡು, ನನ್ನೆದುರಿಗೆ ಬಂದು ಎರಡೂ ಕೈ ಜೋಡಿಸಿದಳು. ಮದುವೆಯಾದಾಗಿನಿಂದ ಅವಳು ನನಗೆ ಕೈಮುಗಿದದ್ದು ಅದೇ ಮೊದಲು.

"ಯಪ್ಪಾ," ಎಂದಳು, "ನಾವು ತಿಳೀಲಾರದ ಮಕ್ಕಳು, ತಪ್ಪಿದ್ರ ನಡಸಕೊಡ್ರಿ. ಹೆಣ್ಣಿನ ಸ್ವಾದರಮಾವ ಉಡಿಯಾಗ ಸಜ್ಜಿ ಕಟ್ಟಕೊಂಡು, ಹೆಣ್ಣಿನ ಮನಿಯಿಂದ ಗಂಡಿನ ಮನೀತನಕ ನಡಕೊಂತ ಹೋಗಿ ಮುಟ್ಟಸಬೇಕು, ಗಾಡಿ ಹತ್ತಬಾರದು ಅನ್ನೂದ ಖರೇ ಏನ್ರಿ?"

ಸವಿತಾಳ ಏಕಮಾತ್ರ ಸೋದರಮಾವನಾದ ನಾನು ಕಸ್ತೂರಿಯ ಕಣ್ಣುಗಳನ್ನು ನೋಡಿದೆ. ಅವುಗಳಲ್ಲಿ ಭಕ್ತಿ ತುಂಬಿ ತುಳುಕುತ್ತಿತ್ತು.

"ಹೌದು," ಎಂದೆ.

"ಅದಕ್ಕೂ ಮೊದಲ, ಲಗ್ನದ ತನಕ ದಿನಾ ಮುಂಜಾನಿ ತಪ್ಪಲಾರದಂಗ ನಡದು ಕಾಲ ಶುದ್ಧ ಮಾಡಕೋಬೇಕು ಅನ್ನೂದೂ ಖರೇ ಏನ್ರಿ ಯಪ್ಪಾ?"

"ಹೌದು," ಎಂದೆ. ಹುಫ್ ಎಂದು ಬಂದ ಉಸಿರು ಈ ಸಲ ಹೊಟ್ಟೆಯ ಆಳದಿಂದ ಬಂದದ್ದು. ಹಿಂದಿನ ಹೆಂಗಸು, "ಈಗ ಬಂತ ನೋಡ್ರಿ ಖರೇ ಜೋರು" ಎಂದಳು. ಅಜ್ಜನ ಕಣ್ಣಲ್ಲಿ ನೀರು. ಸಕ್ಕರೆ ಬಂತು. ಸವಿತಾ ಎಲ್ಲರಿಗೂ ಹಂಚುತ್ತ ನನ್ನ ಹತ್ತಿರ ಬಂದು ನಿಂತಳು, ಒಂದು ಹಿಡಿ ಸಕ್ಕರೆಯನ್ನು ನನ್ನ ಬಾಯಿಗೇ ಹಾಕಿದಳು. ಡಾಕ್ಟರು ಬೇಡ ಎಂದದ್ದನ್ನು ನಾನು ಇಷ್ಟು ಸಂತೋಷದಿಂದ ಹಿಂದೆಂದೂ ತಿಂದಿರಲಿಲ್ಲ.

ಪಾರಿಶ್ವಾಡದಿಂದ ಖಾನಾಪುರ ಬಸ್ಸಿನಲ್ಲಿ ಕೂತವನಿಗೆ ಒಂದು ಸಣ್ಣ ನಿದ್ದೆಯಷ್ಟು ದೂರ. ನಡೆಯುವವನಿಗೆ ಅದೇ ದಾರಿ ಬೇರೆ ದೇಶದ ಹಾಗೆ ಕಾಣುತ್ತದೆ. ಲಗ್ನದ ಮುನ್ನಾದಿನ ಉಡಿಯಲ್ಲಿ ಸಜ್ಜೆ ಕಟ್ಟಿಕೊಂಡು ನಾನು ಹೊರಟೆ. ಹಿಂದೆ ಟೆಂಪೋದಲ್ಲಿ ಅಜ್ಜ, ಅಕ್ಕ, ಭಾವ, ಕಸ್ತೂರಿ ಎಲ್ಲರೂ ಕೂತು, ನನ್ನ ವೇಗಕ್ಕೆ ಸರಿಯಾಗಿ ಬರುತ್ತಿದ್ದರು. ಆ ವೇಗದಲ್ಲಿ ಹೋದರೆ ಗಾಡಿಯ ಇಂಜಿನ್ ಕಾದುಹೋಗುತ್ತದೆ ಎಂದು ಡ್ರೈವರ್ ಮತ್ತೆ ಮತ್ತೆ ಗೊಣಗುತ್ತಿದ್ದ. ದಾರಿಯಲ್ಲಿ ಮೋಟಾರ್ ಸೈಕಲ್ಲಿನವರು ನಿಲ್ಲಿಸಿ, "ಎಲ್ಲಿಗ್ರಿ ಸರ, ಬರ್ರಿ ಹತ್ತರಿ" ಎನ್ನುವರು. ಟೆಂಪೋದಿಂದ ಅಜ್ಜ, "ಹತ್ತಂಗಿಲ್ಲ, ನೇಮ ಐತಿ" ಎನ್ನುವನು. ಅವರು ಬೂಟು ಬಿಚ್ಚಿ ನನಗೆ ಕೈಮುಗಿದು ಹೋಗುವರು. ಹೊಸ ಚಪ್ಪಲಿಯ ಕಾಲುನೋವಿಗೆ ಹೊತ್ತೇರರಲ್ಲಿ ಒಂದು ಶಬ್ದವಿದೆ ಎಂದು ನಾನು ಹೇಳಿದ್ದೆನಲ್ಲ, ಆ ಶಬ್ದ ಯಾವುದು ಎಂದು ಆ ದಿನ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಖಾನಾಪುರದ ಹೊರಗೆ ಹುಡುಗ ಕಾಯುತ್ತ ನಿಂತಿದ್ದ. ನನ್ನ ಉಡಿಯ ಸಜ್ಜೆ ಇಸಿದುಕೊಂಡು, ಬಗ್ಗಿ ನನ್ನ ಕಾಲು ಮುಟ್ಟಿ, ಹಾಗೇ ಮೆಕ್ಯಾನಿಕ್ಕಿನ ಕಣ್ಣಿನಿಂದ ಹಿಮ್ಮಡಿಯನ್ನು ಪರೀಕ್ಷಿಸಿ, "ಮಾಮಾರ, ಇದಕ್ಕ ಗ್ರೀಸ್ ಬೇಕಾಗಿತ್ರಿ" ಎಂದ. ಒಳ್ಳೆಯ ಹುಡುಗ. ಲಗ್ನ ಚೆನ್ನಾಗಿ ಆಯಿತು.

ಆಮೇಲೆ ಆ ಕಡೆಯ ಇನ್ನೊಂದು ಊರಿನಿಂದ ಗುರುತಿಲ್ಲದ ಒಬ್ಬರು ಫೋನ್ ಮಾಡಿದ್ದರು. ಅವರ ಅಕ್ಕನ ಮಗಳ ಲಗ್ನವಂತೆ, ಹಿರಿಯರು ಸೋದರಮಾವ ನಡೆದೇ ಬರಬೇಕು, ಹಳೇ ಕಾಲದ ಪದ್ಧತಿ ಎನ್ನುತ್ತಿದ್ದಾರಂತೆ, ಇತಿಹಾಸದವರಾದ ನೀವಾದರೂ ಇದು ನಿಜವೋ ಸುಳ್ಳೋ ಹೇಳಿ ಎಂದು ಅಂಗಲಾಚಿದರು. ನಾನು ಕೂತು ಮಾತಾಡುತ್ತಿದ್ದೆ, ಹೇಳಿದರೂ ನಡೆಯುತ್ತಿರಲಿಲ್ಲ. ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿ ಫೋನ್ ಇಟ್ಟೆ.

ಕಟ್ಟಳೆ ಲಗ್ನದವರೆಗೆ ಮಾತ್ರ ಇತ್ತು. ಆದರೆ ಲಗ್ನದ ಮರುದಿನವೂ ಚಹಾದ ಕಪ್ಪಿನ ಪಕ್ಕದಲ್ಲಿ ಬೂಟುಗಳಿದ್ದವು, ಹೊರಟು ನಿಂತ ಕಸ್ತೂರಿಯೂ ಇದ್ದಳು. ಈಗ ರೊಟ್ಟಿ ಆಮೇಲೆ ಬಡಿಯುತ್ತಾಳೆ. ಮೈದಾನದಲ್ಲಿ ಅವಳು ಆ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾಳೆ, ನಾನು ಸುತ್ತು ಹಾಕುತ್ತೇನೆ. ಹೊತ್ತೇರರ ಇತಿಹಾಸ ಮಾತ್ರ ತುಳಸಿಕಟ್ಟೆಯ ಹತ್ತಿರವೇ ನಿಂತುಹೋಗಿದೆ. ಎಷ್ಟು ನೆನೆದರೂ ಮುಂದೊಂದು ವಾಕ್ಯ ಬರುವುದಿಲ್ಲ. ಕೂತಾಗ ಅವರು ಸಾಲುಸಾಲಾಗಿ ಬರುತ್ತಿದ್ದರು. ನಡೆಯುವಾಗ ಮುಂದಿನ ಹೆಜ್ಜೆಯ ಹೊರತು ಬೇರೇನೂ ಕಾಣುವುದಿಲ್ಲ. ನಿಜವಾಗಿ ಅಲೆದ ಜನರೆಲ್ಲ ತಮ್ಮ ಇತಿಹಾಸ ಬರೆಯುವುದನ್ನು ಯಾಕೆ ಕೂತವರಿಗೆ ಬಿಟ್ಟರು ಎಂಬುದು ಇಷ್ಟು ವರ್ಷ ಪಾಠ ಹೇಳಿದ ನನಗೆ ಈಗ ತಿಳಿಯಿತು.

ಮೊನ್ನೆ ಸುತ್ತು ಮುಗಿಸಿ ಬೆಂಚಿನ ಹತ್ತಿರ ಬಂದು, ಅದರ ತುದಿಯಲ್ಲಾದರೂ ಸ್ವಲ್ಪ ಜಾಗ ಸಿಕ್ಕೀತೇ ಎಂದು ನಿಂತೆ. ಕಸ್ತೂರಿ ಚಾಚಿದ ಕಾಲನ್ನು ತೆಗೆಯಲಿಲ್ಲ.

"ಮತ್ತ, ಆ ಗೋಡಿಯವರು ಮುಂದ ಏನಾದ್ರರಿ?" ಎಂದು ಕೇಳಿದಳು.

ನನಗೆ ಉತ್ತರ ಕೊಡಲು ಉಸಿರಿರಲಿಲ್ಲ. ಗೊತ್ತಿಲ್ಲ ಎಂದು ಕೈಯಾಡಿಸಿದೆ.

"ಹಂಗಾದ್ರ ನೀವು ಇನ್ನೊಂದ ಸುತ್ತ ಹಾಕಿ ಬರ್ರಿ," ಎಂದು ಅವಳು ಬೆಂಚಿಗೆ ಒರಗಿಕೊಂಡಳು. "ಅಷ್ಟರಾಗ ನಾನ ಒಂದೀಟ ಕಟ್ಟಿರತೀನಿ."